ನೆಲಬಾಂಬ್ ತೆರವು: ಎಷ್ಟು ಆಳ?

1997ರ ವಿಶ್ವಸಂಸ್ಥೆ ಮಾನದಂಡದಲ್ಲಿ ನೆಲಬಾಂಬ್ ತೆರವಿಗೆ ಎರಡು ಅಂಕಿ ಇದ್ದವು: ಹೂತದ್ದರಲ್ಲಿ ಶೇ. 99.6 ತೆಗೆಯಬೇಕು, ಆಳ 20 ಸೆಂ.ಮೀ. ಕಾಗದದ ಮೇಲೆ ಚೆಂದ. ಹೊಲದಲ್ಲಿ ಒಟ್ಟು ಎಷ್ಟು ಹೂತಿದ್ದಾರೆ ಅಂತಲೇ ಗೊತ್ತಿಲ್ಲದಾಗ ಶೇಕಡಾ ಲೆಕ್ಕ ಯಾವುದರ ಮೇಲೆ ಹಾಕೋದು?

2001ರ ಐಮಾಸ್ (ನೆಲಬಾಂಬ್ ತೆರವಿನ ಅಂತಾರಾಷ್ಟ್ರೀಯ ಮಾನದಂಡ, IMAS) ಆ ಶೇಕಡಾ ಲೆಕ್ಕವನ್ನು ಕೈಬಿಟ್ಟಿತು. ಗೊತ್ತುಮಾಡಿದ ಜಾಗದಲ್ಲಿ, ಗೊತ್ತುಮಾಡಿದ ಆಳದವರೆಗೆ ಇರುವುದೆಲ್ಲ ಹೋಗಬೇಕು, ಅಷ್ಟೇ. ಸಡಿಲ ಮಾಡಿದ ಹಾಗೆ ಕಾಣುತ್ತೆ. ನನ್ನ ಪ್ರಕಾರ ಇದೇ ಬಿಗಿ.

ಆಳವನ್ನು ಸರ್ವೆ ನೋಡಿ ಆಯಾ ದೇಶವೇ ನಿಗದಿ ಮಾಡಬೇಕು. ಎಡವಟ್ಟಾಗೋದು ಇಲ್ಲೇ. ಮರಳು ಸರಿದಲ್ಲಿ, ನೆರೆ ತಂದ ಮಣ್ಣು ಕೂತಲ್ಲಿ ಬಾಂಬ್ ಇನ್ನೂ ಕೆಳಗಿರುತ್ತೆ. ಲೋಹ ಕಡಿಮೆಯಿರುವ ಪ್ಲಾಸ್ಟಿಕ್ ಬಾಂಬಾದರೆ ಡಿಟೆಕ್ಟರ್‌ಗೆ ಸಿಗದೇ ಹೋಗಬಹುದು. ಕಬ್ಬಿಣದಂಶದ ಕೆಂಪು ಮಣ್ಣಲ್ಲಂತೂ ಅದು ಸುಮ್ಸುಮ್ನೆ ಕೂಗುತ್ತೆ. ಅದಕ್ಕೇ ಕೆಲಸಕ್ಕೆ ಮೊದಲು ಅದೇ ಮಣ್ಣಲ್ಲಿ, ಅದೇ ಆಳಕ್ಕೆ ಪರೀಕ್ಷೆಯ ತುಂಡು ಹೂತು ಡಿಟೆಕ್ಟರ್ ಆಡಿಸಿ ನೋಡೋದು.