‘ನಾನೂ ಬರುದಾ ಟೀಚರ್?’

ನಾನು ದಾವಣಗೆರೆ ಕಡೆಯವಳು. ಬೆಳ್ತಂಗಡಿ ತಾಲ್ಲೂಕಿನ ಸರ್ಕಾರಿ ಶಾಲೆಗೆ ಬಂದಾಗ ತುಳುವಿನ ಒಂದು ಮಾತೂ ಗೊತ್ತಿರಲಿಲ್ಲ. ಕನ್ನಡ ಶಾಲೆ ತಾನೇ, ಕನ್ನಡ ಬಂದರೆ ಸಾಕು ಎಂದುಕೊಂಡಿದ್ದೆ.

ಮೊದಲ ವಾರವೇ ಒಂದನೇ ಕ್ಲಾಸಿನ ಹುಡುಗನೊಬ್ಬನನ್ನು “ಮನೆ ಎಲ್ಲಿ ಮರಿ?” ಎಂದು ಕೇಳಿದೆ. “ಇಲ್ಲ್...” ಎಂದು ಶುರುಮಾಡಿ ಗುಡ್ಡದ ಕಡೆ ಕೈ ತೋರಿಸಿದ. ಪಾಪ, ಮನೆಯೇ ಇಲ್ಲವೇನೋ ಎಂದು ನನ್ನ ಎದೆ ಧಸಕ್ಕೆಂದಿತು. ತುಳುವಿನಲ್ಲಿ ‘ಇಲ್ಲ್’ ಅಂದರೆ ಮನೆ, ‘ಇಲ್ಲ’ ಅನ್ನುವುದಕ್ಕೆ ‘ಇಜ್ಜಿ’ ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಅವನ ಹೆಸರಿನ ಮುಂದೆ ‘ಕಲಿಕೆ ನಿಧಾನ’ ಎಂದು ಬರೆದಾಗಿತ್ತು.

ದಸರಾ ರಜೆಯ ಹಿಂದಿನ ದಿನ ಮಕ್ಕಳಿಗೆ, “ನಾವು ನಾಳೆ ಊರಿಗೆ ಹೋಗ್ತೀವಿ” ಎಂದೆ. ನಾನು, ನಮ್ಮವರು, ಮಗಳು ಎಂಬ ಅರ್ಥದಲ್ಲಿ. ಅದೇ ಹುಡುಗ ಕಣ್ಣರಳಿಸಿ ಎದ್ದು ನಿಂತ. “ನಾನೂ ಬರುದಾ ಟೀಚರ್?”

ನಾನು ನಕ್ಕುಬಿಟ್ಟೆ. ಬಿಸಿಯೂಟದ ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. “ಅವನದ್ದು ತಪ್ಪಿಲ್ಲ ಟೀಚರ್. ನಿಮಗೆ ಎರಡಕ್ಕೂ ‘ನಾವು’ ಒಂದೇ. ತುಳುವಿನಲ್ಲಿ ಹಾಗಲ್ಲ” ಎಂದರು. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಅವರನ್ನು ಬಿಟ್ಟು ಹೇಳಿದರೆ ‘ಎಂಕುಲು’. ನನ್ನ ‘ನಾವು’ ಅವನ ಕಿವಿಗೆ ‘ನಮ’ ಎಂದು ಬಿದ್ದಿತ್ತು. ಆರು ವರ್ಷದ ಮಗು ಮನೆಯಿಂದ ಇಷ್ಟು ನಾಜೂಕಾದ ವ್ಯಾಕರಣ ಹೊತ್ತು ಬಂದಿದೆ, ನಾನು ಅದನ್ನು ದಡ್ಡತನ ಎಂದು ಬರೆದಿಟ್ಟಿದ್ದೇನೆ. ಆ ಸಾಲನ್ನು ಅವತ್ತೇ ಹೊಡೆದು ಹಾಕಿದೆ. ಸಂಕಟ ಮಾತ್ರ ಹೋಗಲಿಲ್ಲ.

ನವೆಂಬರ್ 1ರಂದು ವೇದಿಕೆ ಹತ್ತಿ, ತಾಯ್ನುಡಿಯಲ್ಲೇ ಕಲಿಸಿ ಎಂದು ಗಂಟಲು ಹರಿದು ಹೇಳಿದವಳು ನಾನು. ಈಗಲೂ ಹೇಳುತ್ತೇನೆ. ಆದರೆ ಆ ಮಾತು ಈ ಮಗುವಿಗೂ ಸಲ್ಲಬೇಕಲ್ಲವೇ? 2011ರ ಜನಗಣತಿಯಲ್ಲಿ ತುಳು ತಾಯ್ನುಡಿ ಎಂದವರು 18 ಲಕ್ಷಕ್ಕೂ ಹೆಚ್ಚು. ಆದರೂ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ತುಳು ಇಲ್ಲ. ಶಾಲೆಯಲ್ಲಿ ಅದು ಐಚ್ಛಿಕ ತೃತೀಯ ಭಾಷೆಯಾಗಿ ಸಿಗುವುದು ಆರನೇ ತರಗತಿಯಿಂದ. ಒಂದನೇ ಕ್ಲಾಸಿನಲ್ಲಿ ಬಾಯಿ ಕಟ್ಟಿ ಕೂತ ಮಗುವಿಗೆ ಐದು ವರ್ಷ ಕಾಯಿ ಅಂದ ಹಾಗಾಯಿತು. ಬ್ಯಾರಿ, ಕೊರಗ ಮಾತಾಡುವ ಮಕ್ಕಳ ಪಾಡು ಇನ್ನೂ ಕಷ್ಟ.

ಕನ್ನಡ ಕಲಿಸಬೇಡಿ ಎನ್ನುತ್ತಿಲ್ಲ. ಮೊದಲ ತಿಂಗಳುಗಳಲ್ಲಾದರೂ ಮಗು ತನ್ನ ಮಾತಿನಲ್ಲೇ ಉತ್ತರ ಕೊಡಲಿ, ಟೀಚರು ಅದನ್ನು ತಿಳಿದುಕೊಳ್ಳಲಿ. ಅದಕ್ಕೆ ದುಡ್ಡು ಬೇಡ, ಆದೇಶ ಬೇಡ.

ನನ್ನದೊಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಮಕ್ಕಳು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಎಳನೀರು ‘ಬೊಂಡ’. ಕಾಯಿ ಅರ್ಧ ಬಲಿತರೆ ‘ಬನ್ನಂಗಾಯಿ’. ಪೂರ್ತಿ ಬಲಿತರೆ ‘ತಾರಾಯಿ’. ಮಾವಿಗೆ ‘ಕುಕ್ಕು’. ನಾನು ತಪ್ಪಾಗಿ ಉಚ್ಚರಿಸಿದರೆ ಇಡೀ ಕ್ಲಾಸು ಒಕ್ಕೊರಲಿನಿಂದ ತಿದ್ದುತ್ತದೆ, ಗುಡ್ಡದ ಮೇಲಿನ ಮನೆಯವನ ದನಿ ಎಲ್ಲರಿಗಿಂತ ಜೋರು. ಮೊನ್ನೆ ಅವನೇ ಬೋರ್ಡಿನ ಮೇಲೆ ಒಂದು ಮನೆ ಬಿಡಿಸಿ, ಕೆಳಗೆ ಕನ್ನಡ ಅಕ್ಷರದಲ್ಲಿ ‘ಇಲ್ಲ್’ ಎಂದು ಬರೆದ. ಪಕ್ಕದಲ್ಲಿ ‘ಮನೆ’ ಎಂದೂ ಬರೆದ. ಕೊನೆಯ ‘ಲ್’ ಅನ್ನು ನಾನು ಹೇಳಿಕೊಟ್ಟಿರಲಿಲ್ಲ.