ಅರವತ್ತನಾಲ್ಕರಲ್ಲಿ ಒಂದು

ಇಂದು ಸಂಜೆ ಎಲ್‌ಟಿಇ (4ಜಿ ಮೊಬೈಲ್) ಜಾಲದ ರ್‍ಯಾಂಡಮ್ ಆಕ್ಸೆಸ್ ಚಾನೆಲ್, ಅಂದರೆ ಫೋನು ಟವರನ್ನು ಮೊದಲು ಸಂಪರ್ಕಿಸುವ ಹಾದಿಯ ಕುರಿತು ಟಿಪ್ಪಣಿ ಬರೆಯುತ್ತಿದ್ದಾಗ, ಪ್ರತಿ ಸೆಲ್‌ಗೆ (ಟವರು ಸೇವೆ ನೀಡುವ ಒಂದು ವಲಯಕ್ಕೆ) ಇರುವುದು 64 ಪ್ರಿಯಾಂಬಲ್‌ಗಳು (ಸಂಪರ್ಕ ಕೋರುವ ಸಂಕೇತಗಳು) ಮಾತ್ರ ಎಂಬ ಸಂಗತಿಯಲ್ಲೇ ಮನಸ್ಸು ಬಹಳ ಹೊತ್ತು ನಿಂತಿತು. ಟವರ್‌ನೊಡನೆ ಇನ್ನೂ ಸಂಪರ್ಕವೇ ಇಲ್ಲದ ಫೋನು ಇವುಗಳಲ್ಲಿ ಒಂದನ್ನು ತಾನಾಗಿ ಆರಿಸಿ ಕಳುಹಿಸುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಫೋನೂ ಅದನ್ನೇ ಆರಿಸಿದ್ದರೆ ಘರ್ಷಣೆಯಾಗಿ, ಸೋತ ಫೋನು ಸ್ವಲ್ಪ ಹೊತ್ತು ಕಾದು ಮತ್ತೆ ಯತ್ನಿಸಬೇಕಾಗುತ್ತದೆ. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಆರಂಭಿಸಿದ ಅಲೋಹಾ ಎಂಬ ನಿಸ್ತಂತು ಕಂಪ್ಯೂಟರ್ ಜಾಲಕ್ಕೂ ಇದೇ ತೊಡಕಿತ್ತು. ಸರದಿಯೇ ಇಲ್ಲದ ಆ ಪದ್ಧತಿಯಲ್ಲಿ ಚಾನೆಲ್‌ನ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಸಾರ್ಥಕವಾಗುತ್ತದೆ. ಕಾಲವನ್ನು ಸಮಾನ ತುಂಡುಗಳಾಗಿ ಕತ್ತರಿಸಿ, ತುಂಡಿನ ಆರಂಭದಲ್ಲಷ್ಟೇ ಕಳುಹಿಸಬೇಕೆಂದ ಮಾತ್ರಕ್ಕೆ, ಎಷ್ಟು ಸೊಗಸಾದ ಗಣಿತ, ಆ ಮಿತಿ ಇಮ್ಮಡಿಯಾಗುತ್ತದೆ. ಜಾತ್ರೆಯ ಜನಸಂದಣಿಯಲ್ಲಿ ಇಂಥ ಘರ್ಷಣೆ ತಗ್ಗಿಸಲು ಕೆಲವು ಸಾಧನಗಳನ್ನು ಟವರೇ ತಡೆದು ನಿಲ್ಲಿಸುವ ಕ್ರಮ ನನಗೆ ನ್ಯಾಯವಾಗಿಯೇ ತೋರುತ್ತದೆ, ತುರ್ತು ಕರೆಗಳ ದಾರಿ ತೆರೆದಿರುವವರೆಗೆ.