ಆರ್ಕೇನ್ ಮೇಜ್ ರೊಟೇಷನ್: ಆ ಅರ್ಧ ಸೆಕೆಂಡ್

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆನ್‌ಲೈನ್ ಆಟದ ಬರ್ನಿಂಗ್ ಕ್ರುಸೇಡ್ ಕ್ಲಾಸಿಕ್‌ನಲ್ಲಿ ನನ್ನ ಮೇಜ್ (ಮಂತ್ರ ಹಾಕುವ ಪಾತ್ರ) ಈಗ ಪೂರ್ತಿ ಆರ್ಕೇನ್ ಶಾಖೆಗೆ ಬಂದಾಗಿದೆ. ಟ್ಯಾಲೆಂಟ್ ಪಾಯಿಂಟ್ ಹಂಚಿದ್ದು 40/0/21 (ಆರ್ಕೇನ್/ಫೈರ್/ಫ್ರಾಸ್ಟ್). ಡ್ಯಾಮೇಜ್ ಏರಿಸುವ ಆರ್ಕೇನ್ ಪವರ್ ಇದೆ, ಮಂತ್ರದ ವೇಗ ಏರಿಸುವ ಐಸಿ ವೇನ್ಸ್ ಇದೆ, ಅದನ್ನು ಬೇಗ ಇನ್ನೊಮ್ಮೆ ಬಳಸಲು ಕೋಲ್ಡ್ ಸ್ನ್ಯಾಪ್ ಕೂಡ ಇದೆ. ಈ ಸಲ ಕೈ ಹಾಕಿದ್ದು ಒಂದೇ ವಿಷಯಕ್ಕೆ: ಮಾನಾ (ಮಂತ್ರಕ್ಕೆ ಖರ್ಚಾಗುವ ಶಕ್ತಿ) ಖಾಲಿಯಾಗದ ಹಾಗೆ ಮುಖ್ಯ ಮಂತ್ರ ಆರ್ಕೇನ್ ಬ್ಲಾಸ್ಟ್ ಎಷ್ಟು ಜಾಸ್ತಿ ಹೊಡೆಯಬಹುದು?

ಬ್ಲಾಸ್ಟ್‌ನ ಕಾಸ್ಟ್ ಸಮಯ (ಮಂತ್ರ ಹಾಕಲು ಹಿಡಿಯುವ ಹೊತ್ತು) 2.5 ಸೆಕೆಂಡ್, ಖರ್ಚು 195 ಮಾನಾ. ಪ್ರತಿ ಸಲ ಹೊಡೆದಾಗಲೂ ನಮ್ಮ ಮೇಲೆ ಒಂದು ಡೀಬಫ್ (ಸ್ವಲ್ಪ ಹೊತ್ತು ಇರುವ ಪರಿಣಾಮ) ಸ್ಟ್ಯಾಕ್ ಕೂರುತ್ತದೆ, ಒಂದರ ಮೇಲೊಂದು ಮೂರರ ತನಕ. ಒಂದೊಂದು ಸ್ಟ್ಯಾಕ್‌ಗೂ ಸಮಯ 0.33 ಸೆಕೆಂಡ್ ಇಳಿಯುತ್ತದೆ, ಖರ್ಚು 75% ಏರುತ್ತದೆ. ಮೂರು ಸ್ಟ್ಯಾಕ್ ಇದ್ದಾಗ ಒಂದೂವರೆ ಸೆಕೆಂಡಿಗೆ ಒಂದು ಬ್ಲಾಸ್ಟ್, ಒಂದಕ್ಕೆ 634 ಮಾನಾ. ಬರೀ ಇದನ್ನೇ ಹೊಡೆಯುತ್ತಾ ಹೋದರೆ 12,000 ಮಾನಾ ಇದ್ದರೂ ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ಕ್ಲಿಯರ್‌ಕಾಸ್ಟಿಂಗ್ (ಮುಂದಿನ ಮಂತ್ರ ಪುಕ್ಕಟೆ) ಸಿಕ್ಕರೆ ಇನ್ನು ಸ್ವಲ್ಪ ಹೊತ್ತು, ಅಷ್ಟೇ.

ಅದಕ್ಕೇ ಮೂರು ಬ್ಲಾಸ್ಟ್, ಆಮೇಲೆ ಮೂರು ಫ್ರಾಸ್ಟ್‌ಬೋಲ್ಟ್ (ಹಿಮದ ಮಂತ್ರ). ಮಂತ್ರ ಹಾಕುವ ಈ ಸರದಿಯೇ ರೊಟೇಷನ್. ಡೀಬಫ್ ಇರುವುದು 8 ಸೆಕೆಂಡ್. ಟ್ಯಾಲೆಂಟ್ ಹಾಕಿದ ಫ್ರಾಸ್ಟ್‌ಬೋಲ್ಟ್ 2.5 ಸೆಕೆಂಡ್, ಮೂರು ಸೇರಿ 7.5. ಉಳಿಯುವ ಅರ್ಧ ಸೆಕೆಂಡಿನಲ್ಲೇ ಈ ರೊಟೇಷನ್‌ನ ಜೀವ ಇದೆ.

ಯಾಕೆ ಅಂದರೆ, ಕಾಸ್ಟ್ ಎಷ್ಟು ಬೇಗ ಮುಗಿಯಬೇಕು ಅಂತ ಆಟ ಲೆಕ್ಕ ಹಾಕುವುದು ಶುರುವಿನಲ್ಲಿ. ಮಾನಾ ಕತ್ತರಿಸುವುದು ಕೊನೆಯಲ್ಲಿ. ಡೀಬಫ್ ಇನ್ನೂ ಇರುವಾಗ ಬ್ಲಾಸ್ಟ್ ಶುರು ಮಾಡಿ, ಅದು ಹೋದ ಮೇಲೆ ಮುಗಿಯುವ ಹಾಗೆ ನೋಡಿಕೊಂಡರೆ ಮೂರು ಸ್ಟ್ಯಾಕ್‌ನ ವೇಗ ಸಿಗುತ್ತದೆ, ಖರ್ಚು ಮಾತ್ರ 195. ಆಮೇಲಿನ ಎರಡಕ್ಕೆ 341 ಮತ್ತು 488. ಮೂರಕ್ಕೂ ಸೇರಿ 1,024 ಮಾನಾ, ಜೊತೆಗೆ ಪ್ರತಿ ಸುತ್ತಿನಲ್ಲೂ ಒಂದು ಸೆಕೆಂಡ್ ಉಳಿತಾಯ. ಡೀಬಫ್ ಹೋಗುವ ಮೊದಲೇ ಕಾಸ್ಟ್ ಮುಗಿದುಬಿಟ್ಟರೆ 195ರ ಜಾಗದಲ್ಲಿ 634 ಹೋಗುತ್ತದೆ, ಡೀಬಫ್ ಮತ್ತೆ 8 ಸೆಕೆಂಡಿಗೆ ಏರುತ್ತದೆ. ಎಂಥಾ ಚೆಂದದ ಲೆಕ್ಕ ಅಲ್ವಾ! ಈ ಆಟದಲ್ಲಿ ನನಗೆ ಇಷ್ಟು ಇಷ್ಟವಾದ ರೊಟೇಷನ್ ಬೇರೆ ಇಲ್ಲ.

ಹೇಸ್ಟ್ (ಕಾಸ್ಟ್ ವೇಗ ಏರಿಸುವ ಅಂಶ) ಬಂದಾಗ ಏನಾಗುತ್ತದೆ ಅನ್ನುವುದನ್ನೂ ಕೂತು ಲೆಕ್ಕ ಹಾಕಿದೆ. ಮೂರು ಫ್ರಾಸ್ಟ್‌ಬೋಲ್ಟ್ ಮತ್ತು ಒಂದು ವೇಗದ ಬ್ಲಾಸ್ಟ್ ಸೇರಿದರೆ ಸುಮಾರು 9 ಸೆಕೆಂಡ್. ಇದು 8ಕ್ಕಿಂತ ಕೆಳಗೆ ಇಳಿದರೆ ಆಟ ಕೆಟ್ಟಿತು. ಅಂದರೆ 12.6% ಹೇಸ್ಟ್‌ವರೆಗೆ ಪರವಾಗಿಲ್ಲ. ಗೇರ್ ಮೇಲಿನ 15.77 ರೇಟಿಂಗ್‌ಗೆ 1% ಸಿಗುವ ಕಾರಣ ಅದು ಹತ್ತಿರಹತ್ತಿರ 200 ರೇಟಿಂಗ್. ಅದನ್ನು ದಾಟಿದರೆ ಮೂರನೇ ಫ್ರಾಸ್ಟ್‌ಬೋಲ್ಟ್ ಆದಮೇಲೆ ಒಂಚೂರು ಸುಮ್ನೆ ನಿಲ್ಲಬೇಕು. 15% ಹೇಸ್ಟ್‌ನಲ್ಲಿ ಈ ಕಾಯುವಿಕೆ 0.2 ಸೆಕೆಂಡ್ ಕೂಡ ಆಗುವುದಿಲ್ಲ. ಐಸಿ ವೇನ್ಸ್‌ನ 20% ಇರುವಾಗಲಂತೂ ಫ್ರಾಸ್ಟ್‌ಬೋಲ್ಟ್ ಮುಟ್ಟುವುದೇ ಬೇಡ. ಆ 20 ಸೆಕೆಂಡ್ ಬರೀ ಬ್ಲಾಸ್ಟ್.

ಇದನ್ನು ಕಣ್ಣಳತೆಯಲ್ಲಿ ಮಾಡುವುದು ಕಷ್ಟ. ಅದಕ್ಕೆ ವೀಕ್‌ಆರಾ ಆ್ಯಡ್‌ಆನ್‌ನಲ್ಲಿ ಒಂದು ಬಾರ್ ಮಾಡಿಕೊಂಡೆ. ಡೀಬಫ್‌ನ ಉಳಿದ ಸಮಯ ಮುಂದಿನ ಬ್ಲಾಸ್ಟ್‌ನ ಕಾಸ್ಟ್ ಸಮಯಕ್ಕಿಂತ ಕಡಿಮೆಯಾದ ಕೂಡಲೇ ಅದು ಹಸಿರಾಗುತ್ತದೆ. ನಾನು ಬೆಂಗಳೂರಿನಿಂದ ಯುರೋಪ್ ಸರ್ವರ್‌ನಲ್ಲಿ ಆಡುವುದರಿಂದ ಪಿಂಗ್ ಜಾಸ್ತಿಯೇ. ಆದರೆ ಸ್ಪೆಲ್ ಕ್ಯೂ ವಿಂಡೋ 400 ಮಿಲಿಸೆಕೆಂಡ್ ಇದೆ. ಫ್ರಾಸ್ಟ್‌ಬೋಲ್ಟ್ ಮುಗಿಯುವ ಸ್ವಲ್ಪ ಮೊದಲೇ ಮುಂದಿನ ಬಟನ್ ಒತ್ತಿದರೆ ಸರ್ವರ್ ಅದನ್ನು ಹಾಗೇ ಜೋಡಿಸುತ್ತದೆ, ನಡುವೆ ಗ್ಯಾಪ್ ಬೀಳುವುದಿಲ್ಲ.

ಹಿಟ್ (ಮಂತ್ರ ತಪ್ಪದೆ ತಾಗುವ ಸಾಧ್ಯತೆ) ಬಗ್ಗೆ ಚಿಕ್ಕದಾಗಿ. ಬಾಸ್ ಮೇಲೆ 16% ಬೇಕು. ಆರ್ಕೇನ್ ಫೋಕಸ್ ಟ್ಯಾಲೆಂಟ್ 10% ಕೊಡುತ್ತದೆ, ಉಳಿದ 6%ಗೆ 76 ರೇಟಿಂಗ್ ಸಾಕು. ಫ್ರಾಸ್ಟ್‌ಬೋಲ್ಟ್‌ಗೆ ಟ್ಯಾಲೆಂಟ್‌ನಿಂದ ಸಿಗುವುದು 3% ಮಾತ್ರ, ಹಾಗಾಗಿ ಅದು ಆಗಾಗ ಮಿಸ್ ಆಗುತ್ತದೆ. ಆಗಲಿ. ಅದಕ್ಕೋಸ್ಕರ ಸ್ಪೆಲ್ ಡ್ಯಾಮೇಜ್ ಬಿಟ್ಟುಕೊಡುವುದು ನನಗೆ ಸರಿ ಕಾಣಲಿಲ್ಲ. ಕಾರಜಾನ್ ರೇಡ್‌ನ ಕ್ಯುರೇಟರ್ ಎಂಬ ಬಾಸ್ ಹತ್ತಿರ ಮಾತ್ರ ಇದ್ಯಾವುದೂ ನಡೆಯುವುದಿಲ್ಲ, ಅವನಿಗೆ ಆರ್ಕೇನ್ ತಾಗುವುದೇ ಇಲ್ಲ.

ಈಗ ಫೈಟ್‌ನ ಪ್ಲಾನ್ ಹೀಗಿದೆ: ಶುರುವಿನಲ್ಲಿ ಎಲ್ಲ ಕೂಲ್‌ಡೌನ್ (ಒಮ್ಮೆ ಬಳಸಿ ಮತ್ತೆ ಕಾಯಬೇಕಾದ ಶಕ್ತಿಗಳು) ಜೊತೆ ಬ್ಲಾಸ್ಟ್, ನಡುವೆ 3-3, ಬಾಸ್ ಸಾಯಲು ಅರ್ಧ ನಿಮಿಷ ಇದೆ ಅನ್ನುವಾಗ ಉಳಿದ ಮಾನಾ ಎಲ್ಲ ಬ್ಲಾಸ್ಟ್‌ಗೆ. ಮಾನಾ ತುಂಬಿಸುವ ಎವೊಕೇಷನ್, ಮಾನಾ ಎಮರಾಲ್ಡ್ ಎರಡನ್ನೂ ಕೊನೆಗೆ ಅಂತ ಇಟ್ಟುಕೊಳ್ಳದೆ ನಡುವೆಯೇ ಬಳಸುತ್ತಿದ್ದೇನೆ.

ಮುಂದೆ ಟೈರ್ 5 ಗೇರ್ ಸೆಟ್‌ನ ಎರಡು ಪೀಸ್ ಸೇರಿಸಬೇಕು. ಅದು ಬ್ಲಾಸ್ಟ್‌ನ ಡ್ಯಾಮೇಜ್ ಮತ್ತು ಖರ್ಚು ಎರಡನ್ನೂ 20% ಏರಿಸುತ್ತದೆ. ಸಮಯದ ಲೆಕ್ಕ ಹಾಗೇ ಇರುತ್ತದೆ, ಮಾನಾ ಲೆಕ್ಕ ಮಾತ್ರ ಮೊದಲಿಂದ ಹಾಕಬೇಕು.